ದಮ್ಮಿನ ಲೆಕ್ಕ

ನಮ್ಮ ರಾಯಚೂರಿನಲ್ಲಿ ಆಸ್ತಮಾ ಎಂಬ ಹೆಸರು ಡಾಕ್ಟರ ಚೀಟಿಯಲ್ಲಷ್ಟೇ ಕಾಣಸಿಗುತ್ತದೆ. ಮನೆಯಲ್ಲಿ, ಓಣಿಯಲ್ಲಿ, ಗಂಜ್ ಮಾರುಕಟ್ಟೆಯಲ್ಲಿ ಅದು ದಮ್ಮು. ದಮ್ಮು ಹತ್ತುತ್ತದೆ, ದಮ್ಮು ಇಳಿಯುತ್ತದೆ; ಜ್ವರ ಬಂದು ಬಿಟ್ಟಂತೆ. ನಲವತ್ತು ವರ್ಷ ಈ ಮಾತನ್ನು ಯೋಚಿಸದೆ ಆಡಿದ ನನಗೆ, ಈ ಮಾತೇ ನಮ್ಮ ಮನೆಯವರ ದಾರಿ ತಪ್ಪಿಸಿತೇನೋ ಎಂದು ಈಚೆಗೆ ಅನ್ನಿಸತೊಡಗಿದೆ. ಹತ್ತಿದಾಗ ಮಾತ್ರ ರೋಗ, ಇಳಿದ ಮೇಲೆ ರೋಗವಿಲ್ಲ ಎಂಬ ಎಣಿಕೆ ಆ ಎರಡು ಕ್ರಿಯಾಪದಗಳಲ್ಲೇ ಕುಳಿತಿದೆ.

ಎದೆಯೊಳಗಿನ ಸಂಗತಿ ಹಾಗಿಲ್ಲ. ಅಲ್ಲಿ ಎರಡು ಕೆಡಕುಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಶ್ವಾಸನಾಳದ ಸುತ್ತ ಬಳೆಯಂತೆ ಹಬ್ಬಿರುವ ಸ್ನಾಯು ಬಿಗಿಯುವುದು ಒಂದು. ನಾಳದ ಒಳಗೋಡೆ ಉರಿಯೂತದಿಂದ ಬಾತು, ಲೋಳೆ ಕಟ್ಟಿ, ಸಣ್ಣ ದೂಳಿಗೂ ಸಿಡುಕುವ ಸ್ಥಿತಿಯಲ್ಲೇ ಇರುವುದು ಇನ್ನೊಂದು. ಹತ್ತಿ ಇಳಿಯುವುದು ಮೊದಲನೆಯದು. ಎರಡನೆಯದು ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದುಕೊಂಡು ಮೊದಲನೆಯದಕ್ಕೆ ನೆಲ ಹದ ಮಾಡಿಕೊಡುತ್ತದೆ. ವಯಸ್ಕರ ಆಸ್ತಮಾಕ್ಕೆ ಉಸಿರಿನಲ್ಲಿ ಎಳೆದುಕೊಳ್ಳುವ ಔಷಧ ಒಂದು ಸಾಕೇ, ಎರಡು ಬೇಕೇ ಎಂಬ ಪ್ರಶ್ನೆಯ ಬೇರು ಇಲ್ಲಿದೆ.

ನಮ್ಮ ಮನೆಯಲ್ಲಿ ಈ ರೋಗ ಮೂವರಿಗೆ ಬಂತು: ಅವ್ವನಿಗೆ, ಅಣ್ಣನಿಗೆ, ನನಗೆ. ಅಣ್ಣ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು; ಈಗಲೂ ಸುಗ್ಗಿಯಲ್ಲಿ ತೂಕದ ಲೆಕ್ಕ ಬರೆಯಲು ಅವನನ್ನು ಕರೆಸುತ್ತಾರೆ. ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತನಾದವನು. ಅವನ ಮೂಗಿಗೆ ಹತ್ತಿಯ ಜುಂಗು, ನನ್ನ ಮೂಗಿಗೆ ಬೋರ್ಡಿನ ಸುಣ್ಣದ ಪುಡಿ. ಇಬ್ಬರಿಗೂ ಸಮನಾಗಿ ಸಿಕ್ಕದ್ದು ಅಕ್ಕಿ ಗಿರಣಿಗಳು ಹೊಟ್ಟು ಸುಟ್ಟಾಗ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳ ಮೇಲೆಲ್ಲ ಉದುರುವ ಕರಿ ಬೂದಿ. ಆದರೆ ಔಷಧದ ವಿಷಯದಲ್ಲಿ ನಾವಿಬ್ಬರೂ ಬೇರೆ ಬೇರೆ ದಾರಿ ಹಿಡಿದೆವು. ಅವನು ಒಂಟಿ ಔಷಧದವನಾದ, ನಾನೂ ಒಂಟಿ ಔಷಧದವನೇ ಆದೆ, ಆದರೆ ಅವನ ಒಂಟಿ ಬೇರೆ, ನನ್ನ ಒಂಟಿ ಬೇರೆ. ಒಂದು ಔಷಧ ಮೇಲೋ ಎರಡು ಮೇಲೋ ಎಂದು ಕೇಳುವವರು ಮೊದಲು ಯಾವ ಒಂದು ಎಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಹೀಗೆ.

ಅವ್ವನ ಕಾಲದಲ್ಲಿ ಪಂಪು, ಅಂದರೆ ಔಷಧವನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಇನ್‌ಹೇಲರ್, ನಮ್ಮ ಓಣಿಯವರೆಗೆ ಬಂದಿರಲಿಲ್ಲ. ನಡುರಾತ್ರಿ ಅವ್ವ ಎದ್ದು ಕುಳಿತು, ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯತೊಡಗಿದರೆ ಅಣ್ಣ ಸೈಕಲ್ ಹತ್ತಿ ಹೋಗಿ ಆರ್‌ಎಂಪಿ ಡಾಕ್ಟರನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಅವರು ಕೊಡುತ್ತಿದ್ದ ಇಂಜೆಕ್ಷನ್ನಿಗೆ ಡೆರಿ-ಡೆಕಾ ಎಂದು ಹೆಸರು. ಡೆರಿಫಿಲಿನ್ ಶ್ವಾಸನಾಳವನ್ನು ಸಡಿಲಿಸುವ ಔಷಧ, ಡೆಕಾ ಎಂದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಎರಡನ್ನೂ ಒಂದೇ ಸಿರಿಂಜಿನಲ್ಲಿ ಎಳೆದು ಚುಚ್ಚುತ್ತಿದ್ದರು. ಹಾಗೆ ನೋಡಿದರೆ ಜೋಡಿ ಔಷಧ ನಮ್ಮ ಮನೆಗೆ ಪಂಪಿಗಿಂತ ಮೊದಲೇ ಬಂದಿತ್ತು. ಅದರ ಹಿಂದಿನ ತರ್ಕವೂ ಇಂದಿನದೇ: ಬಿಗಿತಕ್ಕೆ ಒಂದು, ಊತಕ್ಕೆ ಒಂದು. ತಪ್ಪಿದ್ದದ್ದು ದಾರಿಯಲ್ಲಿ ಮತ್ತು ಪ್ರಮಾಣದಲ್ಲಿ. ಶ್ವಾಸಕೋಶಕ್ಕೆ ಬೇಕಾದದ್ದನ್ನು ಇಡೀ ಮೈಗೆ ಕೊಡುತ್ತಿದ್ದರು, ಅದೂ ಮಿಲಿಗ್ರಾಂಗಳ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಇಂದು ಪಂಪಿನ ಒಂದು ಪಫ್‌ನಲ್ಲಿ ಬರುವ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ. ವರ್ಷ ವರ್ಷ ಚುಚ್ಚಿಸಿಕೊಂಡ ಅವ್ವನ ಮುಖ ಕೊನೆಕೊನೆಗೆ ದುಂಡಗೆ ಉಬ್ಬಿತ್ತು, ಸಕ್ಕರೆ ಏರಿತ್ತು, ಕಾಲು ಜಾರಿ ಬಿದ್ದದ್ದೇ ನೆಪವಾಗಿ ಸೊಂಟದ ಮೂಳೆ ಮುರಿಯಿತು. ಸ್ಟೀರಾಯ್ಡ್ ಎಂದರೆ ಇಂದಿಗೂ ನಮ್ಮ ಬಂಧುಗಳೆಲ್ಲ ಬೆಚ್ಚುವುದಕ್ಕೆ ಆ ನೆನಪೇ ಕಾರಣವೆಂದು ನನಗೆ ಗೊತ್ತಿದೆ. ಅವರನ್ನು ನಾನು ದೂರುವುದಿಲ್ಲ.

ಅಣ್ಣ ಹಿಡಿದ ಒಂಟಿ ಔಷಧ ನಾಳ ಸಡಿಲಿಸುವ ಸಾಲ್ಬುಟಮಾಲ್; ಅಂಗಡಿಯಲ್ಲಿ ಅದರ ಹೆಸರು ಅಸ್ಥಾಲಿನ್. ಮೆಡಿಕಲ್ ಶಾಪಿಗೆ ಹೋಗಿ ‘ಅಸ್ಥಾಲಿನ್ ಕೊಡ್ರಿ’ ಎಂದರೆ ಚೀಟಿ ಕೇಳದೆ ಕೊಡುತ್ತಿದ್ದರು. ಈ ಔಷಧ 1969ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದದ್ದು. ಅದಕ್ಕೂ ಮೊದಲು ಇದ್ದ ಐಸೊಪ್ರಿನಲಿನ್ ಪಂಪು ಹೃದಯವನ್ನೂ ಓಡಿಸುತ್ತಿತ್ತು; ಸಾಲ್ಬುಟಮಾಲ್ ಹೆಚ್ಚಾಗಿ ಶ್ವಾಸನಾಳದ ಮೇಲೆಯೇ ಕೆಲಸ ಮಾಡುವಂತೆ ರೂಪುಗೊಂಡಿತ್ತು. ಕೆಲವೇ ನಿಮಿಷಗಳಲ್ಲಿ ಎದೆ ಬಿಚ್ಚಿಕೊಳ್ಳುತ್ತದೆ, ನಾಲ್ಕರಿಂದ ಆರು ತಾಸು ಇರುತ್ತದೆ. ಇಂಥದ್ದನ್ನು ಜೇಬಿನಲ್ಲಿಟ್ಟುಕೊಂಡವನಿಗೆ ಇನ್ನೇನು ಬೇಕು? ನಾನು ನನ್ನ ಔಷಧದ ಗುಣಗಾನ ಮಾಡಿದಾಗಲೆಲ್ಲ ಅವನದು ಒಂದೇ ಉತ್ತರ: ‘ನೋಡು ತಮ್ಮಾ, ನಿಂದು ಹೊಡಕೊಂಡ್ರ ಏನೂ ಗೊತ್ತಾಗಂಗಿಲ್ಲ. ನಂದು ಹೊಡಕೊಂಡ್ರ ಎದಿ ಬಿಚ್ತದ.’

ಅವನು ಹೇಳಿದ್ದು ನಿಜ, ತೊಡಕು ಇರುವುದೂ ಆ ನಿಜದಲ್ಲೇ. ಬಿಗಿದ ಸ್ನಾಯು ಸಡಿಲವಾದರೆ ಮೈಗೆ ತಕ್ಷಣ ತಿಳಿಯುತ್ತದೆ. ಬಾತ ಒಳಗೋಡೆ ವಾರಗಳ ಅವಧಿಯಲ್ಲಿ ನಿಧಾನವಾಗಿ ಇಳಿದರೆ ತಿಳಿಯುವುದಿಲ್ಲ. ಸಾಲ್ಬುಟಮಾಲ್ ಒಳಗೋಡೆಯ ಉರಿಯೂತವನ್ನು ಮುಟ್ಟುವುದೇ ಇಲ್ಲ. ಸಾಲದ್ದಕ್ಕೆ, ಅದನ್ನು ದಿನವೂ ಮತ್ತೆ ಮತ್ತೆ ಬಳಸಿದರೆ ಜೀವಕೋಶದ ಮೇಲೆ ಅದು ಹೋಗಿ ಕೂರುವ ಗ್ರಾಹಕಗಳು (ರಿಸೆಪ್ಟರುಗಳು) ಮೊಂಡಾಗುತ್ತ ಬರುತ್ತವೆ, ಅದೇ ಪರಿಣಾಮಕ್ಕೆ ಹೆಚ್ಚು ಪಫ್ ಬೇಕಾಗುತ್ತದೆ. ಇದರ ಕಹಿ ಪಾಠ ಜಗತ್ತಿಗೆ ಎರಡು ಸಲ ಆಗಿದೆ. 1960ರ ದಶಕದಲ್ಲಿ ಇಂಗ್ಲೆಂಡ್ ಸೇರಿ ಹಲವು ದೇಶಗಳಲ್ಲಿ ಐಸೊಪ್ರಿನಲಿನ್‌ನ ಗಾಢ ಪಂಪು ಬಳಕೆಯಲ್ಲಿದ್ದಾಗ ಆಸ್ತಮಾ ಸಾವುಗಳು ಇದ್ದಕ್ಕಿದ್ದಂತೆ ಏರಿದವು; 1970ರ ದಶಕದ ನಡುವಿನಿಂದ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಎಂಬ ಇದೇ ಕುಲದ ಔಷಧದ ಕಾಲದಲ್ಲಿ ಮತ್ತೆ ಏರಿದವು, ಅದರ ಬಳಕೆಗೆ ಕಡಿವಾಣ ಬಿದ್ದ ಮೇಲೆ ಇಳಿದವು. ಔಷಧದ ಗಾಢತೆಯೂ ಕಾರಣವಿದ್ದೀತು. ಆದರೆ ಎದೆ ಬಿಚ್ಚಿತು ಎಂಬ ಸಮಾಧಾನದಲ್ಲಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದ್ದರ ಪಾಲೂ ಅದರಲ್ಲಿ ಇದ್ದೇ ಇರಬೇಕು ಎಂಬುದು, ಅಣ್ಣನನ್ನು ಬಲ್ಲ ನನ್ನ ಊಹೆ.

ನಾನು ಹಿಡಿದ ಒಂಟಿ ಔಷಧ ಸ್ಟೀರಾಯ್ಡ್. ಉಸಿರಿನಲ್ಲಿ ಎಳೆಯುವ ಸ್ಟೀರಾಯ್ಡ್, ಬೆಕ್ಲೊಮೆಥಾಸೋನ್, 1972ರಲ್ಲಿ ಬಂತು. ಆಸ್ತಮಾ ಚಿಕಿತ್ಸೆಯಲ್ಲಿ ನಿಜವಾದ ತಿರುವು ಅದೇ ಎಂದು ನನ್ನ ಅಭಿಪ್ರಾಯ. ಆಮೇಲೆ ಬಂದ ಜೋಡಿಗಳೆಲ್ಲ ಅದರ ಹೆಗಲ ಮೇಲೆಯೇ ಕುಳಿತಿವೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಸುಮಾರು 30 ಸಾವಿರ ರೋಗಿಗಳ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಉದಾಹರಣೆಯಾಗಿ ಕೊಟ್ಟಿದ್ದೇನೆ. ವರ್ಷದಲ್ಲಿ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಪಂಪನ್ನು ಒಂದೊಂದು ಹೆಚ್ಚು ಬಳಸಿದ ಹಾಗೆ ಆಸ್ತಮಾ ಸಾವಿನ ಪ್ರಮಾಣ ಶೇಕಡಾ 21ರಷ್ಟು ಇಳಿಯುತ್ತ ಹೋಗಿತ್ತು. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ: ಈ ಔಷಧದ ಲಾಭದ ದೊಡ್ಡ ಪಾಲು ಸಣ್ಣ ಪ್ರಮಾಣದಲ್ಲೇ ಸಿಕ್ಕಿಬಿಡುತ್ತದೆ. ವಯಸ್ಕರಿಗೆ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ ಬ್ಯುಡೆಸೊನೈಡ್ ತಲುಪುವ ಹೊತ್ತಿಗೆ ಏರುಗೆರೆ ಬಹುಮಟ್ಟಿಗೆ ಚಪ್ಪಟೆಯಾಗತೊಡಗುತ್ತದೆ. ಅದರ ಮೇಲೆ ಸುರಿದದ್ದರಲ್ಲಿ ಲಾಭ ಕಡಿಮೆ, ಬಾಯಲ್ಲಿ ಬಿಳಿ ಬೂಸಲು, ದನಿ ಒಡೆಯುವುದು ಮುಂತಾದ ತೊಂದರೆ ಹೆಚ್ಚು. ಬಾಯಿ ಮುಕ್ಕಳಿಸಿ ಉಗುಳಿದರೆ ಅವೂ ಬಹುಮಟ್ಟಿಗೆ ತಪ್ಪುತ್ತವೆ. ನಾನು ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒಂದು, ರಾತ್ರಿ ಮಲಗುವ ಮೊದಲು ಒಂದು ಎಂದು ಹದಿನಾಲ್ಕು ವರ್ಷ ತಪ್ಪದೆ ತೆಗೆದುಕೊಂಡೆ. ಮೇಷ್ಟರ ಸ್ವಭಾವ, ಗಂಟೆ ಹೊಡೆದಂತೆ ನಡೆಯಬೇಕು. ಎಲ್ಲರೂ ಹಾಗಿರುವುದಿಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು.

ಮೂರನೆಯ ಒಂಟಿ ಔಷಧವೊಂದಿದೆ. ಅದನ್ನು ನಮ್ಮ ಮನೆಯಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ, ದೇವರ ದಯೆ. ಸಾಲ್ಮೆಟೆರಾಲ್ ಮತ್ತು ಫಾರ್ಮೊಟೆರಾಲ್ ಸಾಲ್ಬುಟಮಾಲ್‌ನ ಅಕ್ಕತಂಗಿಯರಿದ್ದಂತೆ, ಆದರೆ ಅವುಗಳ ಪರಿಣಾಮ ಸುಮಾರು 12 ತಾಸು ಉಳಿಯುತ್ತದೆ. ನಾಳ ಅಷ್ಟು ಹೊತ್ತು ತೆರೆದೇ ಇದ್ದರೆ ಸ್ಟೀರಾಯ್ಡ್ ಏಕೆ ಎಂದು ಯಾರಿಗಾದರೂ ಅನ್ನಿಸಬಹುದಾದದ್ದೇ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ‘ಸ್ಮಾರ್ಟ್’ ಎಂಬ ಅಧ್ಯಯನದಲ್ಲಿ 26,355 ಜನರಿಗೆ, ಅವರು ಆಗಲೇ ತೆಗೆದುಕೊಳ್ಳುತ್ತಿದ್ದ ಚಿಕಿತ್ಸೆಯ ಮೇಲೆ, 28 ವಾರ ಸಾಲ್ಮೆಟೆರಾಲ್ ಅಥವಾ ಔಷಧವಿಲ್ಲದ ಹುಸಿ ಪಂಪು ಕೊಟ್ಟರು. ಅವರಲ್ಲಿ ಸ್ಟೀರಾಯ್ಡ್ ಪಂಪು ಬಳಸುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಆಸ್ತಮಾದಿಂದ ಸತ್ತವರು ಸಾಲ್ಮೆಟೆರಾಲ್ ಗುಂಪಿನಲ್ಲಿ 13 ಜನ, ಹುಸಿ ಪಂಪಿನ ಗುಂಪಿನಲ್ಲಿ 3. ಅಧ್ಯಯನವನ್ನು ನಡುವೆಯೇ ನಿಲ್ಲಿಸಲಾಯಿತು, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಗಳ ಡಬ್ಬಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ಸಾಲ್ಮೆಟೆರಾಲ್ ಪಡೆದ ಸುಮಾರು ಹದಿಮೂರು ಸಾವಿರದಲ್ಲಿ ಹದಿಮೂರು ಎಂದರೆ ಸಣ್ಣ ಸಂಖ್ಯೆಯಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಸಣ್ಣದೇ. ಆದರೆ ಉಸಿರಾಟ ಸುಲಭ ಮಾಡಲು ಕೊಟ್ಟ ಔಷಧದ ಕಡೆಗೆ ತಕ್ಕಡಿ ಹಾಗೆ ವಾಲಬಾರದು.

ಎಚ್ಚರಿಕೆಯ ಚೌಕಟ್ಟು ಇದನ್ನು ಸ್ಟೀರಾಯ್ಡ್ ಜೊತೆ ಒಂದೇ ಪಂಪಿನಲ್ಲಿ ಸೇರಿಸಿದ ಜೋಡಿ ಔಷಧದ ಡಬ್ಬಿಯ ಮೇಲೂ ಬಿತ್ತು, ಏಕೆಂದರೆ ಅದರಲ್ಲೂ ಇದೇ ಔಷಧ ಇತ್ತು. ಸ್ಟೀರಾಯ್ಡ್ ಜೊತೆಗಿದ್ದರೆ ಅಪಾಯ ಉಳಿಯುತ್ತದೆಯೇ ಎಂಬುದನ್ನು ತೀರ್ಮಾನಿಸಲು ನಾಲ್ಕು ದೊಡ್ಡ ಪ್ರಯೋಗಗಳು, ಒಟ್ಟು 41 ಸಾವಿರಕ್ಕೂ ಹೆಚ್ಚು ಜನ ಬೇಕಾದರು. ಸ್ಟೀರಾಯ್ಡ್ ಒಂದನ್ನೇ ಪಡೆದವರಿಗೆ ಹೋಲಿಸಿದರೆ ಜೋಡಿ ಪಡೆದವರಲ್ಲಿ ಗಂಭೀರ ಅನಾಹುತಗಳು ಗಮನಾರ್ಹವಾಗಿ ಹೆಚ್ಚಿರಲಿಲ್ಲ, ರೋಗದ ಉಲ್ಬಣ ಕಡಿಮೆಯಾಗಿತ್ತು. 2017ರ ಡಿಸೆಂಬರಿನಲ್ಲಿ ಜೋಡಿಯ ಡಬ್ಬಿಯಿಂದ ಆ ಚೌಕಟ್ಟನ್ನು ತೆಗೆದರು. ಒಂಟಿಯಾಗಿ ಮಾರುವ ಡಬ್ಬಿಯ ಮೇಲೆ ಅದು ಉಳಿಯಿತು. ಒಂದೇ ಔಷಧ, ಒಂಟಿಯಾದಾಗ ಅಪಾಯ, ಜೊತೆಯಾದಾಗ ಉಪಕಾರ. ಇದಕ್ಕೆ ಜೀವಕೋಶದ ಮಟ್ಟದಲ್ಲಿ ವಿವರಣೆಯೂ ಇದೆ: ನಾಳ ಸಡಿಲಿಸುವ ಔಷಧಕ್ಕೆ ಬೇಕಾದ ಗ್ರಾಹಕಗಳ ತಯಾರಿಯನ್ನು ಸ್ಟೀರಾಯ್ಡ್ ಹೆಚ್ಚಿಸುತ್ತದೆ, ಸ್ಟೀರಾಯ್ಡಿನ ಗ್ರಾಹಕ ಕೋಶಕೇಂದ್ರವನ್ನು ಸೇರಲು ಸಡಿಲಿಸುವ ಔಷಧ ನೆರವಾಗುತ್ತದೆ. ಬಂಡಿಗೆ ಹೂಡಿದ ಜೋಡೆತ್ತುಗಳ ಹಾಗೆ ಒಂದರ ಹೆಜ್ಜೆಗೆ ಇನ್ನೊಂದು ಹೆಗಲು ಕೊಡುತ್ತದೆ.

ಈಗ ನನ್ನ ಮೆಚ್ಚಿನ ಅಧ್ಯಯನಕ್ಕೆ ಬರುತ್ತೇನೆ. ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು, ಹಳೆಯ ಮೇಷ್ಟರ ಚಟ. ಸ್ಟೀರಾಯ್ಡ್ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡೂ ತೊಂದರೆ ಉಳಿದಿದ್ದರೆ ಏನು ಮಾಡಬೇಕು? ಅದರ ಪ್ರಮಾಣವನ್ನೇ ಏರಿಸಬೇಕೆಂಬುದು ಹಳೆಯ ನಂಬಿಕೆ. 1994ರಲ್ಲಿ ಬ್ರಿಟನ್ನಿನ 400ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ಒಂದು ಪ್ರಯೋಗ ಅದನ್ನು ಅಲುಗಿಸಿತು. ಬೆಕ್ಲೊಮೆಥಾಸೋನ್ ಪ್ರಮಾಣವನ್ನು ಎರಡೂವರೆ ಪಟ್ಟು ಏರಿಸಿದವರಿಗಿಂತ, ಇದ್ದ ಪ್ರಮಾಣಕ್ಕೆ ಸಾಲ್ಮೆಟೆರಾಲ್ ಸೇರಿಸಿದವರ ಉಸಿರಾಟ ಹೆಚ್ಚು ಸುಧಾರಿಸಿತ್ತು. ಅಲ್ಲಿಗೆ ಜೋಡಿಯೇ ಮೇಲೆಂದು ತೀರ್ಮಾನವಾದಂತೆ ಕಾಣುತ್ತದೆ. ಆದರೆ ಮೂರು ವರ್ಷದ ಬಳಿಕ, 1997ರಲ್ಲಿ, ಬೆಲ್ಜಿಯಮ್ಮಿನ ರೊಮೇನ್ ಪಾವೆಲ್ಸ್ ಮತ್ತು ಸಂಗಡಿಗರು ‘ಫೇಸೆಟ್’ ಎಂಬ ಅಧ್ಯಯನ ಪ್ರಕಟಿಸಿದರು. 852 ಜನ, ನಾಲ್ಕು ಗುಂಪು, ಪೂರಾ ಒಂದು ವರ್ಷ: ದಿನಕ್ಕೆ 200 ಮೈಕ್ರೋಗ್ರಾಂ ಬ್ಯುಡೆಸೊನೈಡ್ ಒಂದೇ, ಅದೇ 200ರ ಜೊತೆ ಫಾರ್ಮೊಟೆರಾಲ್, 800 ಒಂದೇ, 800ರ ಜೊತೆ ಫಾರ್ಮೊಟೆರಾಲ್. ದಿನನಿತ್ಯದ ಉಸಿರಾಟ, ರಾತ್ರಿಯ ನಿದ್ದೆ, ಊದಿ ಅಳೆಯುವ ಅಳತೆ ಇವುಗಳಲ್ಲಿ ಫಾರ್ಮೊಟೆರಾಲ್ ಸೇರಿದ ಗುಂಪುಗಳದೇ ಮೇಲುಗೈ. ಆದರೆ ತೀವ್ರ ಉಲ್ಬಣಗಳನ್ನು ಎಣಿಸಿದಾಗ ಚಿತ್ರ ಬದಲಾಯಿತು. ಮೊದಲ ಗುಂಪಿಗೆ ಹೋಲಿಸಿದರೆ, ಫಾರ್ಮೊಟೆರಾಲ್ ಸೇರಿಸಿದ್ದರಿಂದ ಶೇಕಡಾ 26 ಇಳಿಕೆ, ಸ್ಟೀರಾಯ್ಡನ್ನು ನಾಲ್ಕು ಪಟ್ಟು ಮಾಡಿದ್ದರಿಂದ ಶೇಕಡಾ 49, ಎರಡನ್ನೂ ಮಾಡಿದಾಗ ಶೇಕಡಾ 63. ಅಂದರೆ ‘ಹೇಗಿದ್ದೀರಿ’ ಎಂದು ಕೇಳಿದರೆ ಜೋಡಿ ಗೆಲ್ಲುತ್ತದೆ. ‘ಈ ವರ್ಷ ಎಷ್ಟು ಸಲ ಆಸ್ಪತ್ರೆಯ ಬಾಗಿಲು ಕಂಡಿರಿ’ ಎಂದು ಕೇಳಿದರೆ ಸ್ಟೀರಾಯ್ಡಿನ ಪ್ರಮಾಣ ಮಾತನಾಡುತ್ತದೆ. ಅಳತೆಗೋಲು ಬದಲಾದರೆ ಗೆದ್ದವನೂ ಬದಲಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಮೂವತ್ತು ವರ್ಷದ ಪಾಠದಲ್ಲಿ ಸಿಕ್ಕಿಲ್ಲ.

ಹೋಲಿಕೆಯ ಗುಂಪು ಏಕೆ ಬೇಕೆಂದು ನಮ್ಮ ಊರಿನವರಿಗೆ ಹೇಳುವುದು ಸುಲಭ. ಮೃಗಶಿರಾ ಮಳೆ ಕೂಡುವ ಹೊತ್ತಿಗೆ ದಮ್ಮಿಗೆಂದು ಹಂಚುವ ಹೈದರಾಬಾದಿನ ಮೀನಿನ ಪ್ರಸಾದಕ್ಕೆ ನಮ್ಮ ಸ್ಟೇಷನ್ನಿನಿಂದ ರೈಲು ಹತ್ತುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವ್ವನನ್ನೂ ಒಮ್ಮೆ ಕರೆದೊಯ್ದಿದ್ದೆವು. ದಮ್ಮು ತಾನಾಗಿಯೇ ಏರಿ ಇಳಿಯುವ ರೋಗ. ಏರಿದಾಗ ಹೊರಟವನಿಗೆ ಮರಳಿ ಬರುವಷ್ಟರಲ್ಲಿ ಇಳಿದಿದ್ದರೆ ಆ ಪುಣ್ಯ ಪ್ರಸಾದದ್ದೋ, ಬದಲಾದ ಹವೆಯದ್ದೋ ಎಂದು ಹೇಳಲು ಪ್ರಸಾದ ಪಡೆಯದ ಅಂಥದೇ ಇನ್ನೊಬ್ಬನನ್ನು ಪಕ್ಕದಲ್ಲಿ ಕೂರಿಸಿ ನೋಡಬೇಕು. ನಾನೂ ಅಣ್ಣನೂ ಅಂಥ ಜೋಡಿಯಲ್ಲ. ಇಬ್ಬರ ಕಥೆಯನ್ನು ಅಧ್ಯಯನವೆಂದು ಯಾರೂ ತೆಗೆದುಕೊಳ್ಳಬಾರದು.

ಅಣ್ಣ ಗುಮಾಸ್ತ. ಯಾವ ಚೀಟಿಯನ್ನೂ ಬಿಸಾಡುವವನಲ್ಲ. ಅವನ ಕಪಾಟಿನ ಪಕ್ಕ ಕೊಕ್ಕೆಯಂತೆ ಬಾಗಿಸಿದ ತಂತಿಯೊಂದು ತೂಗುತ್ತಿರುತ್ತದೆ; ಕರೆಂಟ್ ಬಿಲ್ಲು, ಹಾಲಿನ ಚೀಟಿ, ಮೆಡಿಕಲ್ ಶಾಪಿನ ಚೀಟಿ ಎಲ್ಲವೂ ಅದರ ಮೇಲೆ ಚುಚ್ಚಿಸಿಕೊಂಡು ಕುಳಿತಿರುತ್ತವೆ. ಕೆಲವು ವರ್ಷಗಳ ಹಿಂದಿನ ಹತ್ತಿ ಸುಗ್ಗಿಯಲ್ಲಿ, ಪುಷ್ಯ ಮಾಸದ ಥಂಡಿಯ ಒಂದು ರಾತ್ರಿ, ಅವನಿಗೆ ದಮ್ಮು ಹತ್ತಿದ್ದು ಇಳಿಯಲಿಲ್ಲ. ಪಂಪು ಖಾಲಿಯಾಗುವವರೆಗೆ ಹೊಡೆದುಕೊಂಡಿದ್ದ. ಅತ್ತಿಗೆ ಫೋನು ಮಾಡಿದಾಗ ಬೆಳಗಿನ ಮೂರು ಗಂಟೆ. ನಾನು ಹೋಗಿ ನೋಡಿದರೆ, ಅವ್ವ ಕುಳಿತಿರುತ್ತಿದ್ದ ಹಾಗೆಯೇ ಮಂಚದ ಅಂಚಿಗೆ ಕೈಯೂರಿ ಕುಳಿತಿದ್ದ, ಒಂದು ವಾಕ್ಯ ಪೂರ್ತಿ ಆಡಲಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಸರ್, ಸ್ಟೀರಾಯ್ಡ್ ಕೊಟ್ಟು ನಾಲ್ಕು ದಿನ ಇಟ್ಟುಕೊಂಡರು. ಉಳಿದ. ಬಟ್ಟೆ ತರಲೆಂದು ಅವನ ಮನೆಗೆ ಹೋದವನು ಆ ತಂತಿಯ ಚೀಟಿಗಳನ್ನು ಬಿಡಿಸಿ ಎಣಿಸಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಹದಿನಾಲ್ಕು ಸಾಲ್ಬುಟಮಾಲ್ ಪಂಪು. ಒಂದರಲ್ಲಿ 200 ಪಫ್, ಹದಿನಾಲ್ಕಕ್ಕೆ 2800, ದಿನಕ್ಕೆ ಏಳೂವರೆಗಿಂತ ಹೆಚ್ಚು. ವರ್ಷಕ್ಕೆ ಇಂಥ ಮೂರು ಅಥವಾ ಹೆಚ್ಚು ಪಂಪು ಬೇಕಾದರೆ ಉಲ್ಬಣದ ಅಪಾಯ ಹೆಚ್ಚಿದೆ, ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೇ ಹೆಚ್ಚಿದೆ ಎಂದು ತಜ್ಞರು ಹೇಳುವ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ವಾರಕ್ಕೆರಡು ಸಲ ಅವನ ಮನೆಯಲ್ಲಿ ಚಹಾ ಕುಡಿಯುವ ನಾನು ಆ ತಂತಿಯನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅವನಿಗೆ ಸ್ಟೀರಾಯ್ಡ್ ಪಂಪನ್ನು ಎರಡು ಸಲ ಬರೆದುಕೊಟ್ಟಿದ್ದರೆಂಬುದಕ್ಕೂ ಚೀಟಿ ಇತ್ತು. ಎರಡೂ ಸಲ ಒಂದೊಂದೇ ಕೊಂಡು ನಿಲ್ಲಿಸಿದ್ದ. ಏನೂ ಗೊತ್ತಾಗಂಗಿಲ್ಲವಲ್ಲ.

ಜೋಡಿ ಔಷಧದ ನಿಜವಾದ ಜಾಣತನ ನನಗೆ ಕಂಡದ್ದು ಇಲ್ಲಿ. ಫಾರ್ಮೊಟೆರಾಲ್ 12 ತಾಸು ಉಳಿಯುವುದಷ್ಟೇ ಅಲ್ಲ, ಸಾಲ್ಬುಟಮಾಲ್‌ನಷ್ಟೇ ಬೇಗ, ಕೆಲವೇ ನಿಮಿಷಗಳಲ್ಲಿ ಎದೆ ಬಿಚ್ಚಿಸುತ್ತದೆ. ಸಾಲ್ಮೆಟೆರಾಲ್‌ಗೆ ಆ ಗುಣವಿಲ್ಲ. ಆದ್ದರಿಂದ ಸಾಲ್ಮೆಟೆರಾಲ್ ಇರುವ ಜೋಡಿ ಪಂಪನ್ನು ದಮ್ಮು ಹತ್ತಿದಾಗ ಹೊಡೆದುಕೊಳ್ಳಬಾರದು. ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಒಂದೇ ಪಂಪಿನಲ್ಲಿದ್ದರೆ, ಎದೆ ಬಿಚ್ಚಲಿ ಎಂದು ಹೊಡೆದುಕೊಂಡವನು ತನಗರಿವಿಲ್ಲದೆ ಸ್ಟೀರಾಯ್ಡನ್ನೂ ತೆಗೆದುಕೊಂಡಿರುತ್ತಾನೆ. ದಮ್ಮು ಹೆಚ್ಚಿದ ದಿನ ಪಫ್ ಹೆಚ್ಚು, ಪಫ್ ಹೆಚ್ಚಿದಂತೆ ಸ್ಟೀರಾಯ್ಡೂ ಹೆಚ್ಚು. ಬಾವು ಏರುತ್ತಿರುವ ದಿನವೇ ಬಾವಿನ ಔಷಧವೂ ಏರುತ್ತದೆ. ಕಹಿ ಗುಳಿಗೆಯನ್ನು ಬೆಲ್ಲದೊಳಗಿಟ್ಟು ನುಂಗಿಸುವ ಅಜ್ಜಿಯರ ಉಪಾಯವಿದು.

ಈ ಉಪಾಯವನ್ನೂ ಅಳೆದು ನೋಡಿದ್ದಾರೆ. 2018ರಲ್ಲಿ ಬಂದ ‘ಸಿಗ್ಮಾ-1’ ಎಂಬ ಅಧ್ಯಯನದಲ್ಲಿ ಸೌಮ್ಯ ಆಸ್ತಮಾ ಇದ್ದ, 12 ವರ್ಷ ಮೇಲ್ಪಟ್ಟ 3849 ಜನರಿದ್ದರು. ಬೇಕಾದಾಗ ಮಾತ್ರ ಜೋಡಿ ಪಂಪು ಬಳಸಿದವರಲ್ಲಿ ತೀವ್ರ ಉಲ್ಬಣ, ಬೇಕಾದಾಗ ಸಡಿಲಿಸುವ ಪಂಪನ್ನಷ್ಟೇ ಬಳಸಿದವರಿಗಿಂತ ಶೇಕಡಾ 64ರಷ್ಟು ಕಡಿಮೆ ಇತ್ತು. ದಿನವೂ ಎರಡು ಹೊತ್ತು ಬ್ಯುಡೆಸೊನೈಡ್ ತೆಗೆದುಕೊಳ್ಳುವಂತೆ ನೇಮಿಸಿದವರಲ್ಲೂ ಉಲ್ಬಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಜೋಡಿಯವರ ಮೈಗೆ ಸೇರಿದ ಸ್ಟೀರಾಯ್ಡ್ ಅವರದರ ಶೇಕಡಾ 17 ಮಾತ್ರ. ಇಲ್ಲೂ ಅಳತೆಗೋಲಿನ ಮಾತು ಬಿಡುವಂತಿಲ್ಲ. ರೋಗ ಚೆನ್ನಾಗಿ ಹತೋಟಿಯಲ್ಲಿದ್ದ ವಾರಗಳನ್ನು ಎಣಿಸಿದರೆ ದಿನವೂ ಸ್ಟೀರಾಯ್ಡ್ ಪಡೆದವರು ಶೇಕಡಾ 44.4, ಬೇಕಾದಾಗ ಜೋಡಿ ಬಳಸಿದವರು ಶೇಕಡಾ 34.4. ನನ್ನಂಥ ಗಂಟೆ ಹೊಡೆಯುವ ಮೇಷ್ಟರಿಗೆ ಒಂಟಿ ಸ್ಟೀರಾಯ್ಡ್ ಸೋತದ್ದಲ್ಲವೆಂದು ಈ ಅಂಕಿಯಿಂದಲೇ ಗೊತ್ತಾಗುತ್ತದೆ. ಮರುವರ್ಷ ಬಂದ ‘ನಾವೆಲ್ ಸ್ಟಾರ್ಟ್’ ಅಧ್ಯಯನದಲ್ಲಿ 668 ವಯಸ್ಕರಿದ್ದರು. ಯಾರಿಗೆ ಯಾವ ಪಂಪು ಎಂದು ಮುಚ್ಚಿಡದೆ, ನಿತ್ಯಜೀವನದಲ್ಲಿ ಬಳಸುವಂತೆಯೇ ಕೊಟ್ಟಿದ್ದರು. ಸಾಲ್ಬುಟಮಾಲ್ ಒಂದನ್ನೇ ಬಳಸಿದವರಲ್ಲಿ ತೀವ್ರ ಉಲ್ಬಣ 23, ದಿನದ ಬ್ಯುಡೆಸೊನೈಡ್ ಗುಂಪಿನಲ್ಲಿ 21, ಬೇಕಾದಾಗ ಜೋಡಿ ಬಳಸಿದವರಲ್ಲಿ 9. ಗ್ಲೋಬಲ್ ಇನಿಶಿಯೇಟಿವ್ ಫಾರ್ ಆಸ್ತಮಾ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟವು 2019ರಿಂದ ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂಥ ಔಷಧವನ್ನು ಒಂಟಿಯಾಗಿ ಕೊಡಬಾರದೆಂದು ಹೇಳುತ್ತಿದೆ. ಅರ್ಧ ಶತಮಾನ ಎಲ್ಲರ ಜೇಬಿನಲ್ಲಿದ್ದ ಔಷಧದ ಬಗೆಗೆ ಹಾಗೆ ಹೇಳುವುದು ಸಣ್ಣ ಮಾತಲ್ಲ.

ಅಣ್ಣನ ರೋಗ ಸೌಮ್ಯದ್ದಲ್ಲ. ಆದ್ದರಿಂದ ವೈದ್ಯರು ಅದೇ ಜೋಡಿ ಪಂಪನ್ನು ಬೆಳಿಗ್ಗೆ ಒಂದು, ಸಂಜೆ ಒಂದು ನೇಮದಿಂದ, ಮೇಲೆ ಹತ್ತಿದಾಗ ಅದನ್ನೇ ಒಂದೊಂದು ಎಂದು ಬರೆದರು. ಇದಕ್ಕೂ ಮಿತಿಯಿದೆ: ಎಲ್ಲ ಸೇರಿ ದಿನಕ್ಕೆ ಫಾರ್ಮೊಟೆರಾಲ್ 72 ಮೈಕ್ರೋಗ್ರಾಂ ದಾಟಬಾರದು, ಅಂದರೆ 6 ಮೈಕ್ರೋಗ್ರಾಂನ ಹನ್ನೆರಡು ಪಫ್. ಅಷ್ಟರ ಹತ್ತಿರ ಬಂದವನು ಪಂಪು ಬಿಟ್ಟು ಆಟೋ ಹಿಡಿಯಬೇಕು. ಬೆಲೆ ಸಾಲ್ಬುಟಮಾಲ್‌ಗಿಂತ ಹೆಚ್ಚೆಂದು ಅಣ್ಣ ಮೊದಲ ತಿಂಗಳು ಗೊಣಗಿದ. ನಾಲ್ಕು ದಿನದ ಆಸ್ಪತ್ರೆ ಬಿಲ್ಲನ್ನು ಅದೇ ತಂತಿಯಿಂದ ಬಿಡಿಸಿ ಅವನ ಮುಂದೆ ಇಟ್ಟೆ. ಪಂಪು ಹೊಡೆಯುವ ರೀತಿಯನ್ನೂ ಹೊಸದಾಗಿ ಕಲಿಯಬೇಕಾಯಿತು. ಇಷ್ಟು ವರ್ಷ ಅವನು ಬಾಯಿ ತೆರೆದು, ಒತ್ತಿ, ಆಮೇಲೆ ಉಸಿರೆಳೆಯುತ್ತಿದ್ದ, ಔಷಧವೆಲ್ಲ ಗಂಟಲಿಗೆ. ಪಂಪಿನ ಬಾಯಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ಕಿನ ಕೊಳವೆ ಸಿಕ್ಕಿಸಿದ ಮೇಲೆ ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ಕೂಡಿಸುವ ಕಷ್ಟ ತಪ್ಪಿತು. ಕ್ಯಾಪ್ಸೂಲ್ ಬಿಚ್ಚಿ ಪುಡಿ ಎಳೆಯುವ ರೋಟಾಹೇಲರ್ ಆದರೆ ಜೋರಾಗಿ ಎಳೆಯಬೇಕು, ಪಂಪಾದರೆ ನಿಧಾನವಾಗಿ. ಇದನ್ನು ಅದಲುಬದಲು ಮಾಡಿಕೊಂಡವರನ್ನು ಎಷ್ಟೋ ಕಂಡಿದ್ದೇನೆ. ಒಂಟಿಯೋ ಜೋಡಿಯೋ ಎಂಬ ವಾದವೆಲ್ಲ ಔಷಧ ಎದೆಗೆ ಇಳಿದ ಮೇಲಿನದು. ನಮ್ಮ ವೈಶಾಖದ ಬಿಸಿಲಿನಲ್ಲಿ ಪಂಪನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನೊಂದು ಮಾತು. ಒಲೆಯ ಹೊಗೆಯಿಂದಲೋ ಬೀಡಿಯಿಂದಲೋ ಬರುವ ಸಿಒಪಿಡಿ ಎಂಬ ಇನ್ನೊಂದು ಶ್ವಾಸಕೋಶದ ರೋಗವನ್ನೂ ನಮ್ಮಲ್ಲಿ ದಮ್ಮು ಎಂದೇ ಕರೆಯುತ್ತಾರೆ. ಅದರಲ್ಲಿ ದೀರ್ಘಕಾಲ ಉಳಿಯುವ ಸಡಿಲಿಸುವ ಔಷಧಗಳನ್ನು ಸ್ಟೀರಾಯ್ಡ್ ಇಲ್ಲದೆಯೂ ಕೊಡುತ್ತಾರೆ. ಆಸ್ತಮಾದಲ್ಲಿ ಹಾಗೆ ಕೊಡುವಂತಿಲ್ಲ. ಪಕ್ಕದ ಮನೆಯವರ ಪಂಪು ಚೆನ್ನಾಗಿ ಹಿಡಿಯಿತೆಂದು ಕೇಳಿ ತರುವವರು ಈ ಭೇದವನ್ನು ವೈದ್ಯರ ಮುಂದೆ ಬಗೆಹರಿಸಿಕೊಳ್ಳಬೇಕು.

ನಾನೂ ಎರಡು ವರ್ಷದಿಂದ ಜೋಡಿ ಪಂಪಿಗೆ ಬದಲಾಗಿದ್ದೇನೆ, ರಾತ್ರಿಯ ಕೆಮ್ಮು ಮರಳಿದ್ದರಿಂದ. ಬೇಸಿಗೆ ಶಾಂತವಾಗಿ ಕಳೆದರೆ ಒಂದು ಹೊತ್ತಿಗೆ ಇಳಿಸಿ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ಕಳೆದ ವಾರ ಅಣ್ಣನ ಮನೆಗೆ ಹೋದಾಗ ತಂತಿಯನ್ನು ತಿರುಗಿಸಿದೆ. ಈಗ ಅದು ನನ್ನ ಅಭ್ಯಾಸ. ಅವನೂ ಏನೂ ಅನ್ನುವುದಿಲ್ಲ. ಮಾಘದ ಕೊನೆಯಲ್ಲಿ ಕೊಂಡ ಪಂಪಿಗೂ ಮುಂದಿನದಕ್ಕೂ ನಡುವೆ 58 ದಿನ. ಒಂದರಲ್ಲಿ 120 ಪಫ್, ನೇಮದವು 116. ಮಿಕ್ಕ ನಾಲ್ಕು ಯಾವಾಗ ಬೇಕಾದವು ಅಣ್ಣಾ ಎಂದು ಕೇಳಿದೆ. ಅವನು ಲೆಕ್ಕದ ಪುಸ್ತಕ ತಿರುವುವವನಂತೆ ಸ್ವಲ್ಪ ಹೊತ್ತು ಮೇಲೆ ನೋಡಿ ಹೇಳಿದ: ‘ತೇರು ಎಳದ ದಿನ ಎರಡು. ಮ್ಯಾಗಿನ ಮನಿಯವರು ಖಾರ ಕುಟ್ಟಿಸಿದ ದಿನ ಎರಡು.’